ಹಳೆಯ ಬಿಎಂಡಬ್ಲ್ಯೂ: ಬೆಲೆ ಇಳಿದರೆ ಖರ್ಚೂ ಇಳಿಯುತ್ತದೆಯೇ?

“ಹೊಸ ಸಣ್ಣ ಕಾರಿನ ದುಡ್ಡಿಗೇ ಬಿಎಂಡಬ್ಲ್ಯೂ ಸಿಗುತ್ತೆ, ಬಿಡ್ತೀರಾ?” ಹಳೆಯ ಕಾರು ಮಾರುವವರ ಈ ಮಾತು ಅರ್ಧ ಮಾತ್ರ ನಿಜ. ವಯಸ್ಸಾದಂತೆ ಕಾರಿನ ಬೆಲೆ ಇಳಿಯುತ್ತದೆ. ಆದರೆ ಅದರ ಬಿಡಿಭಾಗಗಳಿಗೆ ಐಷಾರಾಮಿ ಕಾರಿನ ಬೆಲೆಯನ್ನೇ ಕೊಡಬೇಕು.

2012ರಲ್ಲಿ ಬಂದ 320ಡಿ ಮಾದರಿಯನ್ನೇ ನೋಡೋಣ. ಅದರ ಆರಂಭದ ವರ್ಷಗಳ ಎನ್47 ಡೀಸೆಲ್ ಎಂಜಿನ್‌ನಲ್ಲಿ ಟೈಮಿಂಗ್ ಚೈನ್ ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ. ಚೈನ್ ಸವೆದರೆ, ಅದನ್ನು ಬದಲಿಸಲು ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಹಾಗಾಗಿ ಕೂಲಿಯೂ ಹೆಚ್ಚು. ಓಡುವಾಗ ಚೈನ್ ತುಂಡಾದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಹಾಳಾಗಬಹುದು.

“ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಿಸುವುದೇ ಬೇಡ” ಎಂಬುದು ಇನ್ನೊಂದು ನಂಬಿಕೆ. ಆದರೆ ಈ ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ, ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿ.ಮೀ. ಒಳಗೆ ಆಯಿಲ್ ಬದಲಿಸಲು ಹೇಳುತ್ತದೆ.

ಕೊಳ್ಳುವ ಮುನ್ನ ಹೀಗೆ ಮಾಡಿ:

- ರಾತ್ರಿಯೆಲ್ಲ ನಿಂತಿದ್ದ ಕಾರನ್ನು ಬೆಳಿಗ್ಗೆ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಎಂಜಿನ್‌ನ ಹಿಂಬದಿಯಿಂದ ಉಜ್ಜಿದಂಥ, ಗರಗರ ಸದ್ದು ಬಂದರೆ ಮುಂದುವರಿಯಬೇಡಿ.
- ಆಯಿಲ್ ಯಾವಾಗ ಬದಲಾಗಿದೆ ಎಂಬುದನ್ನು ಸರ್ವಿಸ್ ದಾಖಲೆಯಲ್ಲಿ ನೋಡಿ. ಬಾಯಿಮಾತು ಸಾಲದು.
- ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ನಿಂದ ಸ್ಕ್ಯಾನ್ ಮಾಡಿಸಿ.
- ಬೇರೆ ರಾಜ್ಯದ ನೋಂದಣಿಯಾಗಿದ್ದರೆ ಎನ್‌ಒಸಿ ಕೇಳಿ, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಗಾದರೆ ಕೊಳ್ಳಬಹುದೇ? ದಾಖಲೆ ಸರಿಯಿದ್ದು, ಒಂದು ದೊಡ್ಡ ರಿಪೇರಿಗೆ ಬೇಕಾದ ಹಣ ಬೇರೆಯಾಗಿ ಕೈಯಲ್ಲಿದ್ದರೆ ಕೊಳ್ಳಬಹುದು. ಇರುವ ಉಳಿತಾಯವೆಲ್ಲ ಕಾರಿಗೇ ಮುಗಿಯುವುದಾದರೆ ಬೇಡ ಎನ್ನುತ್ತೇವೆ ನಾವು.