ಪಾರಣೆಯಿಲ್ಲದ ಉಪವಾಸ

ಉಪವಾಸವೆಂಬುದು ನಮಗೆ ಹೊಸದಲ್ಲ. ಏಕಾದಶಿಯುಂಟು, ಶಿವರಾತ್ರಿಯುಂಟು, ನೆರೆಮನೆಯವರಿಗೆ ರಂಜಾನ್ ತಿಂಗಳ ರೋಜಾ ಉಂಟು. ಆದರೆ ಇವೆಲ್ಲಕ್ಕೂ ಒಂದು ಕೊನೆಯಿದೆ. ಏಕಾದಶಿ ಮಾಡಿದವರಿಗೆ ದ್ವಾದಶಿಯ ಬೆಳಗ್ಗೆ ಪಾರಣೆ. ರೋಜಾ ಹಿಡಿದವರಿಗೆ ಸೂರ್ಯ ಮುಳುಗಿದೊಡನೆ ಇಫ್ತಾರ್. ಹಿಡಿದವರೇ ಬಿಡಬೇಕೆಂದರೂ ಬಿಡಲಾಗದ, ಪಾರಣೆಯೇ ಇಲ್ಲದ ಉಪವಾಸ ಒಂದುಂಟು. ಅದು ವ್ರತವಲ್ಲ, ರೋಗ. ವೈದ್ಯರು ಇದನ್ನು ಅನೊರೆಕ್ಸಿಯಾ ನರ್ವೋಸಾ ಎಂದು ಕರೆಯುತ್ತಾರೆ. ಈ ಹೆಸರು ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ 1874ರಲ್ಲಿ ಪ್ರಕಟಿಸಿದ ಲೇಖನದಿಂದ ಬಂದದ್ದು. ಅದಕ್ಕೆ ಒಂದು ವರ್ಷ ಮೊದಲು ಪ್ಯಾರಿಸ್ಸಿನ ವೈದ್ಯ ಲಾಸೆಗ್ ಇದೇ ರೋಗವನ್ನು ವರ್ಣಿಸುತ್ತ, ಮನೆಯವರು ಒಮ್ಮೆ ಬೇಡಿಕೊಳ್ಳುತ್ತಾರೆ, ಒಮ್ಮೆ ಗದರಿಸುತ್ತಾರೆ, ಎರಡೂ ಫಲಿಸುವುದಿಲ್ಲ ಎಂದು ಗುರುತಿಸಿದ್ದ. ಹಾಗಾದರೆ ಮನೆಯವರು ಮಾಡಬೇಕಾದದ್ದೇನು?

ಚಿಕ್ಕಬಳ್ಳಾಪುರದಲ್ಲಿಯೋ ಗೌರಿಬಿದನೂರಿನಲ್ಲಿಯೋ ಒಂದು ಮನೆ ಎಂದಿಟ್ಟುಕೊಳ್ಳಿ. ಪಿ.ಯು.ಸಿ. ಓದುವ ಮಗಳು ಬಸ್ಸಿಗೆ ಹೊತ್ತಾಯಿತೆಂದು ಬೆಳಗಿನ ತಿಂಡಿ ಬಿಟ್ಟಳು. ಡಬ್ಬಿಯ ಅನ್ನ ಗೆಳತಿಯರ ಪಾಲಾಯಿತು. ರಾತ್ರಿ ಹೊಟ್ಟೆಯುಬ್ಬರವೆಂದಳು. ಮೊದಲು ತುಪ್ಪ ಹೋಯಿತು, ಆಮೇಲೆ ಮುದ್ದೆ, ಆಮೇಲೆ ಮನೆಯವರೊಡನೆ ಕೂತು ಉಣ್ಣುವುದೇ ಹೋಯಿತು. ಮೈ ಇಳಿದರೂ 'ನನಗೇನಾಗಿದೆ? ಚೆನ್ನಾಗಿಯೇ ಇದ್ದೇನಲ್ಲ' ಎನ್ನುತ್ತಾಳೆ. ಬಿಸಿಲಿನಲ್ಲೂ ಚಳಿ, ತಲೆಸುತ್ತು. ಕೂದಲು ಉದುರುತ್ತದೆ, ಮುಟ್ಟು ನಿಲ್ಲುತ್ತದೆ. ಆದರೂ ಓದು, ನಡಿಗೆ, ಮನೆಗೆಲಸ ಯಾವುದನ್ನೂ ಬಿಡಳು. ಗಂಡುಹುಡುಗರಿಗೂ ಇದು ಬರುತ್ತದೆ.

ಇದು ಪರದೇಶದವರ ಕಾಯಿಲೆ ಎಂದು ಭಾವಿಸಬೇಡಿ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಆಹಾರಕ್ಕೆ ಸಂಬಂಧಿಸಿದ ಇಂಥ ಮನೋರೋಗಗಳನ್ನು ಕಂಡಿದ್ದೇವೆಂದವರು ಸುಮಾರು ಮೂರರಲ್ಲಿ ಎರಡು ಪಾಲು. ನಮ್ಮಲ್ಲಿ ರೋಗಿಗಳು ಅನೇಕ ಸಲ 'ದಪ್ಪಗಾಗುವ ಭಯ' ಎನ್ನುವುದಿಲ್ಲ. 'ಜೀರ್ಣವಾಗದು, ಹೊಟ್ಟೆ ತುಂಬಿದಂತಿದೆ' ಎನ್ನುತ್ತಾರೆ. ಅದರಿಂದ ಮನೆಯವರು ಹೊಟ್ಟೆಯ ವೈದ್ಯರ ಬಾಗಿಲಿಂದ ಬಾಗಿಲಿಗೆ ಅಲೆಯುವುದುಂಟು.

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆಹುಳು ಜ್ವರಕ್ಕೆ ಹೋಗುವುದನ್ನು ನೀವು ನೋಡಿಯೇ ಇರುತ್ತೀರಿ. ಆಗ ಹುಳು ಸೊಪ್ಪು ಮುಟ್ಟುವುದಿಲ್ಲ. ನಾಲ್ಕು ಸಲ ಹೀಗಾಗಿ, ಪ್ರತಿ ಸಲವೂ ಪೊರೆ ಕಳಚಿ ತಾನೇ ಎದ್ದು ಮೇಯತೊಡಗುತ್ತದೆ. ಅಲ್ಲಿ ಕಾಯುವುದೇ ಜಾಣತನ. ಈ ರೋಗದಲ್ಲಿ ಹಾಗೆ ಕಾಯುವಂತಿಲ್ಲ. 'ಹಸಿದಾಗ ತಾನೇ ತಿಂದಾಳು' ಎಂಬ ಮಾತು ಇಲ್ಲಿ ಸಲ್ಲದು. ಏಕೆಂದರೆ ಹಸಿವೇ ಮನಸ್ಸನ್ನು ಕೆಡಿಸುತ್ತದೆ.

ಇದಕ್ಕೊಂದು ಪ್ರಮಾಣವಿದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಒಪ್ಪಿ ಬಂದ 36 ಮಂದಿ ಆರೋಗ್ಯವಂತ ತರುಣರಿಗೆ ಆರು ತಿಂಗಳ ಕಾಲ ಸುಮಾರು ಅರ್ಧ ಆಹಾರವನ್ನಷ್ಟೇ ಕೊಟ್ಟು ನೋಡಿದ. ಅವರು ಸಿಡುಕರಾದರು, ಮಂಕಾದರು, ಗೆಳೆಯರಿಂದ ದೂರವಾದರು. ಹಗಲಿರುಳೂ ಊಟದ್ದೇ ಯೋಚನೆ. ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತರು. ಮತ್ತೆ ಆಹಾರ ಸಿಕ್ಕಿದಾಗಲೂ ಮನಸ್ಸು ತಿಳಿಯಾಗಲು ತಿಂಗಳುಗಳು ಹಿಡಿದವು. ಆದ್ದರಿಂದ ನಿಮ್ಮ ಮಗಳ ಹಟ ಬರಿಯ ಹಟವಲ್ಲ. ಅದರಲ್ಲಿ ಬಹುಪಾಲು ಹಸಿವಿನ ಕೆಲಸ. ಈ ರೋಗಕ್ಕೆ ಮೊದಲ ಔಷಧ ಅನ್ನವೇ.

ಆದರೆ ಅನ್ನವನ್ನೂ ಔಷಧದಂತೆಯೇ ವೈದ್ಯರನ್ನು ಕೇಳಿ ಕೊಡಬೇಕು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಮೊದಲಾದ ಲವಣಗಳು ಕುಸಿದು ಹೃದಯಕ್ಕೇ ಅಪಾಯವಾಗಬಹುದು. ತೀರ ಸೊರಗಿದವರನ್ನು ಮೊದಲು ಆಸ್ಪತ್ರೆಯಲ್ಲಿಟ್ಟು ಉಣಿಸುವುದು ಅದಕ್ಕಾಗಿಯೇ. ಮೂರ್ಛೆ, ಎದೆನೋವು, ತೀರ ನಿಧಾನವಾದ ನಾಡಿ, ನೀರನ್ನೂ ಒಲ್ಲೆನೆಂಬುದು, ಸಾಯುವ ಮಾತು – ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಇಡಬೇಡಿ. ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನೋರೋಗಗಳಲ್ಲಿ ಪ್ರಾಣಕ್ಕೆ ಹೆಚ್ಚು ಎರವಾಗುವವುಗಳಲ್ಲಿ ಇದೂ ಒಂದು.

ಪ್ರಾಣಾಪಾಯ ಕಳೆದ ಮೇಲಿನ ದೊಡ್ಡ ಚಿಕಿತ್ಸೆ ಮನೆಯಲ್ಲಿಯೇ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರು ತಾಯಿತಂದೆಯರನ್ನೇ ಚಿಕಿತ್ಸೆಗೆ ಸೇರಿಸಿಕೊಂಡರು. ರೋಗ ಹಿಡಿದು ಬಹಳ ವರ್ಷವಾಗದ ಎಳೆಯರಲ್ಲಿ ಇದು ಒಳ್ಳೆಯ ಫಲ ಕೊಟ್ಟಿತು. ಕ್ರಮ ಸರಳ. ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದನ್ನು ಮೊದಲು ಹಿರಿಯರೇ ನಿಶ್ಚಯಿಸುವುದು. ಮೈ ಸುಧಾರಿಸಿದಂತೆ ಆ ಹೊಣೆಯನ್ನು ಸ್ವಲ್ಪಸ್ವಲ್ಪವಾಗಿ ಮಗುವಿಗೆ ಮರಳಿಸುವುದು. ಕೊನೆಗೆ ಅವಳ ಓದು, ಗೆಳೆತನ, ಮುಂದಿನ ಬಾಳು.

ಇದನ್ನು ನಿಮ್ಮ ಅಡಿಗೆಮನೆಗೆ ಹೊಂದಿಸಿಕೊಳ್ಳಿ. ವೈದ್ಯರು ಹೇಳಿದ ಅಳತೆಯಲ್ಲಿ ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಹೊತ್ತು ತಪ್ಪಬಾರದು. ಬೇರೆ ಪಥ್ಯದ ಅಡಿಗೆ ಬೇಡ. ಮುದ್ದೆ, ಬಸ್ಸಾರು, ಅವರೆಕಾಳಿನ ಸಾರು, ಮೊಸರು, ತುಪ್ಪ, ಹುರಿದ ಕಡಲೆಕಾಯಿ – ಮನೆಮಂದಿ ಉಣ್ಣುವುದನ್ನೇ ಬಡಿಸಿ. ಬಡಿಸುವವರು ಒಬ್ಬರೇ ಇರಲಿ. ತಂದೆ ಒಂದು, ಅಜ್ಜಿ ಒಂದು ಹೇಳಿದರೆ ರೋಗ ಆ ಸಂದಿಯಲ್ಲಿ ನುಸುಳುತ್ತದೆ. ತಮ್ಮತಂಗಿಯರನ್ನು ಕಾವಲಿಗೆ ಇಡಬೇಡಿ; ಅವರು ಜೊತೆಗೆ ಕೂತು ನಗುನಗುತ್ತ ಉಂಡರೆ ಸಾಕು. ಊಟದ ಹೊತ್ತಿಗೆ ರೇಡಿಯೋ ಹಾಕಿ. ಹಾಡಿನ ಮಾತಾಗಲಿ, ನಾಟಕದ ಮಾತಾಗಲಿ, ಅನ್ನದ ಮಾತೊಂದು ಬೇಡ. ಉಂಡ ಮೇಲೆ ಒಂದು ಗಂಟೆ ಜೊತೆಯಲ್ಲಿರಿ. ಸಂಕಟ ಹೆಚ್ಚುವುದು ಆಗಲೇ.

ಅವಳು ಅತ್ತರೆ ವಾದಿಸಬೇಡಿ. 'ನಿನಗೆ ಕಷ್ಟವಾಗುತ್ತಿದೆ, ಗೊತ್ತು ಕಣಮ್ಮ. ಇದು ಔಷಧಿ ಅಷ್ಟೆ. ನಾನು ಪಕ್ಕದಲ್ಲೇ ಇದ್ದೇನೆ' ಎನ್ನಿ. ತಟ್ಟೆ ಮಾತ್ರ ಹಿಂದೆ ಹೋಗದಿರಲಿ. ಮಗಳು ಬೇರೆ, ರೋಗ ಬೇರೆ. ಕೋಪವೇನಿದ್ದರೂ ರೋಗದ ಮೇಲಿರಲಿ. ಮದುವೆಮನೆಯಲ್ಲಿ ನೆಂಟರು 'ಈಗ ಮೈಕೈ ತುಂಬಿಕೊಂಡಿದ್ದೀಯ' ಎನ್ನುವ ಒಂದು ಹೊಗಳಿಕೆ ವಾರದ ಶ್ರಮವನ್ನು ಅಳಿಸಿಬಿಡಬಹುದು. ಅವರಿಗೆ ಮೊದಲೇ ಹೇಳಿಡಿ. ವ್ರತ ಉಪವಾಸಗಳು ಸದ್ಯಕ್ಕೆ ನಿಲ್ಲಲಿ. ಕಾಯಿಲೆಯವರಿಗೆ ಯಾವ ಧರ್ಮವೂ ವಿನಾಯಿತಿ ಕೊಡುತ್ತದೆ. ವಿದುರಾಶ್ವತ್ಥಕ್ಕೋ, ಚಿಂತಾಮಣಿಯ ಹತ್ತಿರದ ಮುರುಗಮಲ್ಲದ ದರ್ಗಾಕ್ಕೋ ಹರಕೆಯಿದ್ದರೆ ಹೋಗಿಬನ್ನಿ. ಆದರೆ ಅದಕ್ಕಾಗಿ ಆಸ್ಪತ್ರೆಯ ದಿನ ತಪ್ಪದಿರಲಿ.

ಸಹಾಯ ದೂರವಿಲ್ಲ. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಯೋಜನೆಯ ಉದ್ದೇಶವೇ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕರೆತರುವುದು. ಯಾವ ದಿನ ಬರುವರೆಂದು ನಿಮ್ಮೂರಿನ ಆಸ್ಪತ್ರೆಯಲ್ಲಿ ವಿಚಾರಿಸಿ. ರೋಗ ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲಿ ಮಾತಾಡಬಹುದು, ಮನೆಯಲ್ಲಿ ತೆಲುಗು ಆಡುವವರು ತೆಲುಗಿನಲ್ಲೂ ಕೇಳಬಹುದು.

ಗುಣವಾಗಲು ತಿಂಗಳುಗಳು, ಕೆಲವರಿಗೆ ವರ್ಷಗಳು ಬೇಕು. ನಡುವೆ ಹಿಂದೆ ಸರಿಯುವುದೂ ಉಂಟು. ಹಾಗಾದರೆ ಎದೆಗುಂದದೆ ಮತ್ತೆ ಮೊದಲ ಹೆಜ್ಜೆಯಿಂದ ಹಿಡಿಯಿರಿ. ಬೇಗ ಗುರುತಿಸಿ ಬಿಡದೆ ಚಿಕಿತ್ಸೆ ಮಾಡಿಸಿದವರಲ್ಲಿ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಅವಳೊಬ್ಬಳೇ ಈ ಉಪವಾಸವನ್ನು ಮುರಿಯಲಾರಳು. ಪಾರಣೆಗೆ ಎಲೆ ಹಾಕಿ, ಬಡಿಸಿ, ಎದುರಿಗೆ ಕೂರಬೇಕಾದವರು ನೀವು.