ಸೀಮಾಸುಂಕ ಇಲಾಖೆಯು ಜಪ್ತಿ ಮಾಡಿದ ಸರಕಿನ ಮಾರಾಟ ಹಾಗೂ ವಿಲೇವಾರಿ: ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರರು, ವರ್ತಕರು ಹಾಗೂ ವಾಹನ ಮಾಲೀಕರ ಗಮನಕ್ಕೆ

1. ಪೀಠಿಕೆ

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳಲ್ಲಿ ಬೆಳೆಯುವ ಅಡಿಕೆಗೆ 2019ರಲ್ಲಿ ‘ಸಿರ್ಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ನೋಂದಣಿ ದೊರೆತಿದೆ. ಈ ಭಾಗದ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಮುಂತಾದ ಬಗೆಗಳು ಹೊರರಾಜ್ಯಗಳ ಮಾರುಕಟ್ಟೆಗೂ ಹೋಗುತ್ತವೆ. ಇದೇ ಮಾರುಕಟ್ಟೆಗಳಿಗೆ ವಿದೇಶಿ ಅಡಿಕೆಯು ಕಳ್ಳಮಾರ್ಗದಿಂದ ಬಂದಾಗ ಸೀಮಾಸುಂಕ (ಕಸ್ಟಮ್ಸ್) ಅಧಿಕಾರಿಗಳು ಅದನ್ನು ಜಪ್ತಿ ಮಾಡುತ್ತಾರೆ. ಈ ಸಂಬಂಧ ಸಾರ್ವಜನಿಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಜಪ್ತಿಯಾದ ಅಡಿಕೆ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ಬೆಳೆಗಾರರ ಪ್ರಶ್ನೆ. ಸಂಶಯದ ಮೇಲೆ ತಮ್ಮ ಸ್ವಂತ ಸರಕನ್ನೇ ತಡೆದರೆ ಅದನ್ನು ಹಿಂಪಡೆಯುವುದು ಹೇಗೆ ಎಂಬುದು ವರ್ತಕರ ಪ್ರಶ್ನೆ. ಸೀಮಾಸುಂಕ ಅಧಿನಿಯಮ, 1962ರ ಪ್ರಕಾರ ಇವೆರಡಕ್ಕೂ ಉತ್ತರವನ್ನು ಈ ಕೆಳಗೆ ನೀಡಲಾಗಿದೆ.

2. ಜಪ್ತಿ ಮತ್ತು ಮುಟ್ಟುಗೋಲು: ವ್ಯತ್ಯಾಸ

ಜಪ್ತಿ ಬೇರೆ, ಮುಟ್ಟುಗೋಲು ಬೇರೆ. ಪ್ರಕರಣ 110ರ ಮೇರೆಗೆ ಜಪ್ತಿಯಾದ ಸರಕು ಅಧಿಕಾರಿಯ ವಶದಲ್ಲಿರುತ್ತದೆಯೇ ಹೊರತು ಅದರ ಒಡೆತನ ಬದಲಾಗುವುದಿಲ್ಲ. ವಿಚಾರಣೆಯ ನಂತರ ಮುಟ್ಟುಗೋಲಿನ ಆದೇಶವಾದಾಗ ಮಾತ್ರ ಪ್ರಕರಣ 126ರ ಪ್ರಕಾರ ಸರಕು ಕೇಂದ್ರ ಸರ್ಕಾರದ ಸ್ವತ್ತಾಗುತ್ತದೆ. ಈ ಎರಡು ಹಂತಗಳ ನಡುವಿನ ಅವಧಿಯೇ ಮಾಲೀಕನಿಗೆ ಕಾನೂನು ನೀಡಿರುವ ಅವಕಾಶ. ಜಪ್ತಿಯಾದ ದಿನವೇ ಎಲ್ಲವೂ ಮುಗಿಯಿತೆಂದು ಭಾವಿಸಿ ಸುಮ್ಮನಿರುವವರು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ.

3. ಜಪ್ತಿಯ ನಂತರದ ಕ್ರಮಗಳು

(ಅ) ಜಪ್ತಿಯಾದ ದಿನದಿಂದ ಆರು ತಿಂಗಳೊಳಗೆ ಕಾರಣ ಕೇಳುವ ನೋಟೀಸನ್ನು ನೀಡತಕ್ಕದ್ದು. ಆಯುಕ್ತರು ಕಾರಣಗಳನ್ನು ಲಿಖಿತವಾಗಿ ದಾಖಲಿಸಿ, ಅವಧಿ ಮುಗಿಯುವ ಮೊದಲೇ ಸಂಬಂಧಿಸಿದವರಿಗೆ ತಿಳಿಸಿ, ಇನ್ನೂ ಆರು ತಿಂಗಳವರೆಗೆ ವಿಸ್ತರಿಸಬಹುದು. ಈ ಅವಧಿಯಲ್ಲಿ ನೋಟೀಸು ಬಾರದಿದ್ದಲ್ಲಿ ಸರಕನ್ನು ಯಾರ ವಶದಿಂದ ಪಡೆಯಲಾಗಿತ್ತೋ ಅವರಿಗೇ ಹಿಂದಿರುಗಿಸತಕ್ಕದ್ದು.

(ಆ) ವಿಚಾರಣೆ ಮುಗಿಯುವವರೆಗೆ ಕಾಯಲಾಗದವರು ಪ್ರಕರಣ 110ಎ ಮೇರೆಗೆ ತಾತ್ಕಾಲಿಕ ಬಿಡುಗಡೆಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಮುಚ್ಚಳಿಕೆ ಹಾಗೂ ಅಧಿಕಾರಿಯು ಸೂಚಿಸುವ ಭದ್ರತೆಯನ್ನು ಒದಗಿಸಬೇಕು. ಹೀಗೆ ಬಿಡುಗಡೆಯಾದ ಸರಕಿಗೆ ಮೇಲಿನ ಆರು ತಿಂಗಳ ಅವಧಿ ಅನ್ವಯಿಸುವುದಿಲ್ಲ.

(ಇ) ಬೇಗ ಕೆಡುವಂತಹ, ಅಪಾಯಕಾರಿಯಾದ ಅಥವಾ ದಾಸ್ತಾನಿನಲ್ಲಿ ಬೆಲೆ ಕುಸಿಯುವಂತಹ ಸರಕುಗಳನ್ನು ಕೇಂದ್ರ ಸರ್ಕಾರವು ಅಧಿಸೂಚಿಸಿದ್ದಲ್ಲಿ, ಅವುಗಳನ್ನು ಅಂತಿಮ ಆದೇಶಕ್ಕೆ ಮೊದಲೇ ವಿಲೇವಾರಿ ಮಾಡಬಹುದು. ಅದಕ್ಕೂ ಮುನ್ನ ಸರಕಿನ ವಿವರಪಟ್ಟಿ ಸಿದ್ಧಪಡಿಸಿ ದಂಡಾಧಿಕಾರಿಗಳಿಂದ ದೃಢೀಕರಣ ಪಡೆಯುವ ವಿಧಿಯಿದೆ. ಇಂತಹ ಪ್ರಕರಣದಲ್ಲಿ ಮಾಲೀಕನು ಮುಂದೆ ಜಯ ಗಳಿಸಿದರೂ ಆತನಿಗೆ ದೊರೆಯಬಹುದಾದುದು ಮಾರಾಟದ ಹಣವೇ ಹೊರತು ಸರಕಲ್ಲ. ಆದುದರಿಂದ ತಡಮಾಡದೆ ಉತ್ತರಿಸುವುದು ಲೇಸು.

(ಈ) ಪ್ರಕರಣ 124ರ ಮೇರೆಗೆ ನೋಟೀಸು ಸಾಮಾನ್ಯವಾಗಿ ಲಿಖಿತವಾಗಿರತಕ್ಕದ್ದು. ಸಂಬಂಧಿಸಿದ ವ್ಯಕ್ತಿಯೇ ಕೋರಿದಲ್ಲಿ ಮೌಖಿಕವಾಗಿಯೂ ನೀಡಬಹುದು. ಲಿಖಿತ ನೋಟೀಸು ಬೇಡವೆಂಬ ಹೇಳಿಕೆಗೆ ಓದಿ ನೋಡದೆ ಸಹಿ ಮಾಡಬಾರದು.

4. ಅಡಿಕೆಯ ವಿಷಯದಲ್ಲಿ ರುಜುವಾತಿನ ಹೊಣೆ

ಚಿನ್ನ, ಕೈಗಡಿಯಾರ ಮುಂತಾದ ಸರಕುಗಳು ಕಳ್ಳಸಾಗಣೆಯವಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಪ್ರಕರಣ 123 ಅವುಗಳನ್ನು ಹೊಂದಿದವರ ಮೇಲೆಯೇ ಇರಿಸುತ್ತದೆ. ಅಡಿಕೆಯು ಈ ಪಟ್ಟಿಯಲ್ಲಿಲ್ಲ. ಆದುದರಿಂದ ತಡೆಯಲಾದ ಅಡಿಕೆಯು ವಿದೇಶದಿಂದ ಅಕ್ರಮವಾಗಿ ಬಂದದ್ದೆಂದು ತೋರಿಸುವ ಹೊಣೆ ಮೊದಲಿಗೆ ಇಲಾಖೆಯದು. ಹಾಗೆಂದು ದಾಖಲೆಯಿಲ್ಲದೆ ಸಾಗಿಸುವುದು ಕ್ಷೇಮವಲ್ಲ. ವರ್ತಕರು ಸಹಕಾರ ಸಂಘದ ಅಥವಾ ದಲಾಲಿ ಅಂಗಡಿಯ ಮಾರಾಟ ಪಟ್ಟಿ, ತೂಕದ ಚೀಟಿ, ಬಿಲ್ಲು, ಇ-ವೇ ಬಿಲ್ ಹಾಗೂ ಲಾರಿ ರಸೀದಿಗಳನ್ನು ಸರಕಿನೊಂದಿಗೆ ಕಳುಹಿಸಿ, ಪ್ರತಿಗಳನ್ನು ತಮ್ಮಲ್ಲಿ ಇರಿಸಿಕೊಳ್ಳತಕ್ಕದ್ದು. ಅಡಿಕೆಯು ಯಾವ ಊರಿನಲ್ಲಿ ಯಾರಿಂದ ಖರೀದಿಯಾಯಿತೆಂಬುದನ್ನು ಈ ಕಾಗದಗಳು ಹೇಳುತ್ತವೆ.

5. ದಂಡ ತೆತ್ತು ಬಿಡಿಸಿಕೊಳ್ಳುವ ಅವಕಾಶ

ಮುಟ್ಟುಗೋಲಿಗೆ ಗುರಿಯಾದ ಸರಕಿಗೆ ಬದಲಾಗಿ ದಂಡ ತೆತ್ತು ಬಿಡಿಸಿಕೊಳ್ಳುವ ಆಯ್ಕೆಯನ್ನು ಪ್ರಕರಣ 125 ನೀಡುತ್ತದೆ. ನಿಷೇಧಿತವಲ್ಲದ ಸರಕಿಗೆ ಈ ಆಯ್ಕೆಯನ್ನು ನೀಡಲೇಬೇಕು. ನಿಷೇಧಿತ ಸರಕಿಗೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆಮದು ಸರಕಿನ ದಂಡವು ಅದರ ಮಾರುಕಟ್ಟೆ ಬೆಲೆಯಿಂದ ಸುಂಕವನ್ನು ಕಳೆದ ಮೊತ್ತವನ್ನು ಮೀರುವಂತಿಲ್ಲ. ದಂಡವನ್ನು 120 ದಿನಗಳೊಳಗೆ ಪಾವತಿಸದಿದ್ದಲ್ಲಿ, ಮೇಲ್ಮನವಿ ಬಾಕಿ ಇರುವ ಪ್ರಸಂಗವನ್ನು ಹೊರತುಪಡಿಸಿ, ಆಯ್ಕೆಯು ರದ್ದಾಗುತ್ತದೆ.

ಈ ನಿಯಮವು ಬೆಳೆಗಾರರಿಗೂ ಮಹತ್ವದ್ದಾಗಿದೆ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2017ರಲ್ಲಿ ಕಿಲೋಗ್ರಾಂಗೆ 251 ರೂಪಾಯಿಗೂ, 2023ರ ಫೆಬ್ರವರಿಯಲ್ಲಿ 351 ರೂಪಾಯಿಗೂ ನಿಗದಿಪಡಿಸಲಾಯಿತು. ಅದಕ್ಕಿಂತ ಕಡಿಮೆ ಬೆಲೆಯ ಆಮದು ನಿಷೇಧಿತ. ಬಟಾಣಿ ಮುಂತಾದ ಕಾಳುಗಳನ್ನು ಮಿತಿ ಮೀರಿ ಆಮದು ಮಾಡಿಕೊಂಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಜೂನ್ 17ರಂದು ತೀರ್ಪು ನೀಡಿ, ಅವು ನಿಷೇಧಿತ ಸರಕುಗಳೇ ಎಂದಿತು. ದೇಶದ ರೈತರ ಹಿತವನ್ನು ಪರಿಗಣಿಸಿ, ದಂಡ ತೆತ್ತು ಮರುರಫ್ತು ಮಾಡುವುದಕ್ಕೆ ಮಾತ್ರ ಅವಕಾಶವಿತ್ತು, ಉಳಿದಂತೆ ಸಂಪೂರ್ಣ ಮುಟ್ಟುಗೋಲನ್ನು ಎತ್ತಿಹಿಡಿಯಿತು.

6. ಮುಟ್ಟುಗೋಲಾದ ಸರಕಿನ ವಿಲೇವಾರಿ

ಸರಕಿನ ಸ್ವರೂಪಕ್ಕೆ ತಕ್ಕಂತೆ ವಿಲೇವಾರಿಯ ವಿಧಾನ ಬದಲಾಗುತ್ತದೆ. ಚಿನ್ನವು ಸರ್ಕಾರಿ ಟಂಕಸಾಲೆಗೆ ಹೋಗುತ್ತದೆ. ಮಾದಕ ವಸ್ತುಗಳನ್ನು ಸಮಿತಿಯ ಸಮಕ್ಷಮ ಸುಟ್ಟು ನಾಶಪಡಿಸಲಾಗುತ್ತದೆ. ಪ್ರಾಚ್ಯವಸ್ತುಗಳು ಪುರಾತತ್ವ ಇಲಾಖೆಗೆ ಹಸ್ತಾಂತರವಾಗುತ್ತವೆ. ಸಾಮಾನ್ಯ ವಾಣಿಜ್ಯ ಸರಕುಗಳನ್ನು ಬಹುಮಟ್ಟಿಗೆ ಕೇಂದ್ರ ಸರ್ಕಾರಿ ಉದ್ಯಮವಾದ ಎಂ.ಎಸ್.ಟಿ.ಸಿ. ಮೂಲಕ ವಿದ್ಯುನ್ಮಾನ ಹರಾಜಿನಲ್ಲಿ ಮಾರಲಾಗುತ್ತದೆ. ಆಹಾರ ಪದಾರ್ಥಗಳನ್ನು ಮಾರುವ ಮೊದಲು ಅವು ಸೇವನೆಗೆ ಯೋಗ್ಯವೆಂದು ಪರೀಕ್ಷೆಯಲ್ಲಿ ದೃಢಪಡಬೇಕು, ಅಯೋಗ್ಯವಾದುದನ್ನು ನಾಶಪಡಿಸಬೇಕು.

ಅಂದರೆ ಹಾಳಾದ ಅಡಿಕೆಯು ಮಾರುಕಟ್ಟೆಗೆ ಬರುವಂತಿಲ್ಲ. ಆದರೆ ಯೋಗ್ಯವೆಂದು ಕಂಡುಬಂದ ಅಡಿಕೆಯು ಹರಾಜಿನ ಮೂಲಕ ದೇಶದೊಳಗೆ ಮಾರಾಟವಾಗಲು ಅವಕಾಶವಿದೆ. ಈ ಬಗ್ಗೆ ಬೆಳೆಗಾರರಿಗಿರುವ ಆತಂಕವು ನಿರಾಧಾರವಲ್ಲ. ಕಳ್ಳಸಾಗಣೆಯ ಖಚಿತ ಮಾಹಿತಿ ಉಳ್ಳವರು ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ ಅಥವಾ ಸೀಮಾಸುಂಕ ಕಚೇರಿಗೆ ತಿಳಿಸಬಹುದು. ಮಾಹಿತಿದಾರರ ಹೆಸರನ್ನು ಗೋಪ್ಯವಾಗಿಡಲಾಗುತ್ತದೆ.

7. ಮುಟ್ಟುಗೋಲಾಗದ ಸರಕಿನ ಮಾರಾಟದ ಹಣ

ಬಂದರು ಅಥವಾ ವಿಮಾನ ನಿಲ್ದಾಣದಲ್ಲಿ ಮಾಲೀಕರು ಬಿಡಿಸಿಕೊಳ್ಳದೆ ಉಳಿದ ಸರಕನ್ನು ಮಾಲೀಕರಿಗೆ ನೋಟೀಸು ನೀಡಿದ ನಂತರ ಮಾರಿದಲ್ಲಿ, ಬಂದ ಹಣವನ್ನು ಪ್ರಕರಣ 150ರಲ್ಲಿ ಹೇಳಿದ ಕ್ರಮದಲ್ಲಿಯೇ ವಿನಿಯೋಗಿಸಬೇಕು. ಲೆಕ್ಕ ತಿಳಿಯುವ ಸಲುವಾಗಿ ಒಂದು ಕಾಲ್ಪನಿಕ ಉದಾಹರಣೆ:

ವಿದೇಶದಿಂದ ತರಿಸಿದ ಯಂತ್ರದ ಮಾರಾಟದಿಂದ ಬಂದ ಹಣ: ರೂ. 2,00,000
ಮಾರಾಟದ ವೆಚ್ಚ: ರೂ. 10,000
ಸಾಗಣೆದಾರರಿಗೆ ಸಲ್ಲಬೇಕಾದುದು: ರೂ. 15,000
ಸುಂಕ: ರೂ. 30,000
ದಾಸ್ತಾನು ಮಳಿಗೆಯ ಬಾಡಿಗೆ: ರೂ. 25,000
ಕೇಂದ್ರ ಸರ್ಕಾರಕ್ಕೆ ಇತರೆ ಬಾಕಿ: ಇಲ್ಲ
ಮಾಲೀಕರಿಗೆ ಸಲ್ಲುವ ಶಿಲ್ಕು: ರೂ. 1,20,000

ಮಾರಾಟವಾದ ಆರು ತಿಂಗಳೊಳಗೆ, ಅಥವಾ ಆಯುಕ್ತರು ನೀಡುವ ಹೆಚ್ಚಿನ ಅವಧಿಯೊಳಗೆ, ಶಿಲ್ಕನ್ನು ಮಾಲೀಕರಿಗೆ ಪಾವತಿಸಲು ಸಾಧ್ಯವಾಗದಿದ್ದಲ್ಲಿ ಅದು ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. ಮುಟ್ಟುಗೋಲಾದ ಸರಕಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

8. ಲಾರಿ ಮಾಲೀಕರಿಗೆ

ಕಳ್ಳಸಾಗಣೆಯ ಸರಕು ಸಾಗಿಸಿದ ವಾಹನವೂ ಪ್ರಕರಣ 115ರ ಮೇರೆಗೆ ಮುಟ್ಟುಗೋಲಿಗೆ ಗುರಿಯಾಗಬಹುದು. ಮಾಲೀಕ, ಆತನ ಪ್ರತಿನಿಧಿ ಹಾಗೂ ಚಾಲಕ, ಈ ಮೂವರಿಗೂ ತಿಳಿಯದೆ ವಾಹನ ಬಳಕೆಯಾಯಿತೆಂದು ಮಾಲೀಕನು ರುಜುವಾತುಪಡಿಸಿದಲ್ಲಿ ವಾಹನ ಉಳಿಯುತ್ತದೆ. ಬಾಡಿಗೆ ವಾಹನವಾಗಿದ್ದಲ್ಲಿ ದಂಡ ತೆತ್ತು ಬಿಡಿಸಿಕೊಳ್ಳುವ ಆಯ್ಕೆಯನ್ನು ನೀಡಲೇಬೇಕು.

9. ಜಿ.ಎಸ್.ಟಿ. ತಡೆ ಬೇರೆ

ದಾರಿಯಲ್ಲಿ ಸರಕು ತಡೆದವರೆಲ್ಲರೂ ಸೀಮಾಸುಂಕ ಅಧಿಕಾರಿಗಳಲ್ಲ. ಇ-ವೇ ಬಿಲ್ ದೋಷಕ್ಕಾಗಿ ತಡೆದದ್ದಾದರೆ ಸರಕು ಮತ್ತು ಸೇವಾ ತೆರಿಗೆ ಕಾನೂನಿನ ಪ್ರಕರಣ 129 ಅನ್ವಯಿಸುತ್ತದೆ. ಅಲ್ಲಿ ಅವಧಿ ಬಹಳ ಕಡಿಮೆ: ಆದೇಶದ ಪ್ರತಿ ತಲುಪಿದ 15 ದಿನಗಳೊಳಗೆ ದಂಡ ಪಾವತಿಸದಿದ್ದಲ್ಲಿ ಸರಕನ್ನು ಮಾರಬಹುದು. ಆದುದರಿಂದ ಕೈಗೆ ಬಂದ ಕಾಗದವು ಯಾವ ಕಾನೂನಿನದು ಎಂಬುದನ್ನು ಮೊದಲು ನೋಡಿಕೊಳ್ಳತಕ್ಕದ್ದು.

10. ಮೇಲ್ಮನವಿ

ಆಯುಕ್ತರಿಗಿಂತ ಕೆಳಗಿನ ಅಧಿಕಾರಿಯ ಆದೇಶದ ವಿರುದ್ಧ 60 ದಿನಗಳೊಳಗೆ ಆಯುಕ್ತರಿಗೆ (ಮೇಲ್ಮನವಿ) ಅರ್ಜಿ ಸಲ್ಲಿಸಬೇಕು. ಸಕಾರಣವಿದ್ದಲ್ಲಿ ಅವರು 30 ದಿನಗಳ ವಿಳಂಬವನ್ನು ಮನ್ನಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. ಆಯುಕ್ತರ ಆದೇಶದ ವಿರುದ್ಧ ಮೂರು ತಿಂಗಳೊಳಗೆ ನ್ಯಾಯಾಧಿಕರಣದ ಮೊರೆ ಹೋಗಬಹುದು; ಅದರ ಪೀಠವು ಬೆಂಗಳೂರಿನಲ್ಲಿದೆ.

11. ಹರಾಜಿನಲ್ಲಿ ಭಾಗವಹಿಸುವವರಿಗೆ ಎಚ್ಚರಿಕೆ

ಹರಾಜಿನಲ್ಲಿ ಸರಕನ್ನು ಇದ್ದಲ್ಲಿ ಇದ್ದಂತೆಯೇ ಮಾರಲಾಗುತ್ತದೆ. ಮುಂಗಡ ಠೇವಣಿ ಕಟ್ಟುವ ಮೊದಲು ನಿಗದಿತ ದಿನ ಹೋಗಿ ಸರಕನ್ನು ಕಣ್ಣಾರೆ ನೋಡತಕ್ಕದ್ದು. ಅಗ್ಗದ ದರಕ್ಕೆ ಜಪ್ತಿ ಮಾಲು ಕೊಡಿಸುವುದಾಗಿ ದೂರವಾಣಿಯಲ್ಲಿ ಹೇಳುವವರನ್ನು ನಂಬಬಾರದು. ಯಾವುದೇ ಸೀಮಾಸುಂಕ ಅಧಿಕಾರಿಯು ಖಾಸಗಿ ಖಾತೆಗೆ ಹಣ ಕಟ್ಟಲು ಹೇಳುವುದಿಲ್ಲ. 2019ರ ನವೆಂಬರ್‌ನಿಂದ ಇಲಾಖೆಯ ನೋಟೀಸು, ಸಮನ್ಸುಗಳ ಮೇಲೆ ದಾಖಲೆ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕೇಂದ್ರ ಪರೋಕ್ಷ ತೆರಿಗೆಗಳು ಮತ್ತು ಸೀಮಾಸುಂಕ ಮಂಡಳಿಯ ಅಂತರಜಾಲ ತಾಣದಲ್ಲಿ ಪರಿಶೀಲಿಸಿಕೊಳ್ಳಬಹುದು.

12. ಸೂಚನೆ

ಸರಕು ಜಪ್ತಿಯಾದವರು ಪಂಚನಾಮೆಯ ಪ್ರತಿಯನ್ನು ಅಂದೇ ಕೇಳಿ ಪಡೆದು, ಅದರಲ್ಲಿ ನಮೂದಿಸಿದ ಕಚೇರಿಯೊಂದಿಗೆ ಲಿಖಿತವಾಗಿ ವ್ಯವಹರಿಸಿ, ಪ್ರತಿ ಪತ್ರಕ್ಕೂ ಸ್ವೀಕೃತಿ ಪಡೆಯತಕ್ಕದ್ದು. ಈ ಲೇಖನವು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಅಧಿನಿಯಮ ಹಾಗೂ ಅಧಿಸೂಚನೆಗಳ ಪಠ್ಯವೇ ಅಂತಿಮವಾಗಿರುತ್ತದೆ.