ಒಲೆ ಕಾಣದ ಸಾಸ್

ನೇಪಲ್ಸ್‌ನ ಹಳೆಯ ಪದ್ಧತಿಯ ಪಿಜ್ಜಾ ಅಂಗಡಿಯಲ್ಲಿ ಸಾಸ್ ಕುದಿಸಲು ಪಾತ್ರೆಯೇ ಇಲ್ಲ. ಸಿಪ್ಪೆ ಸುಲಿದ ಟೊಮೆಟೊದ ಡಬ್ಬಿ ಒಡೆದು ಅಗಲವಾದ ಬೋಗುಣಿಗೆ ಸುರಿದು, ಕೈಯಿಂದಲೇ ಕಿವುಚಿ, ಉಪ್ಪು ಹಾಕಿದರೆ ಸಾಸ್ ಸಿದ್ಧ. ಅದನ್ನು ಹಿಟ್ಟಿನ ನಡುವೆ ಹಾಕಿ, ಚಮಚದ ಬೆನ್ನಿನಿಂದ ಸುರುಳಿಯಾಗಿ ಅಂಚಿನತ್ತ ಎಳೆಯುತ್ತಾರೆ. 2010ರಲ್ಲಿ ಐರೋಪ್ಯ ಒಕ್ಕೂಟ ನೇಪಲ್ಸ್ ಪಿಜ್ಜಾಗೆ ಕಾನೂನಿನ ರಕ್ಷಣೆ ಕೊಟ್ಟಾಗ ಈ ಕೈಚಲನೆಯನ್ನೂ ನಿಯಮದಲ್ಲಿ ಬರೆಯಿತು. ಒಂದು ಮಾರ್ಗರಿಟಾ ಪಿಜ್ಜಾಗೆ 60ರಿಂದ 80 ಗ್ರಾಂ ಟೊಮೆಟೊ ಸಾಕು ಎಂದೂ ಬರೆಯಿತು.

ಅದೇ ಸಾಸನ್ನು ನಮ್ಮ ಮನೆಯಲ್ಲಿ ಮಾಡಹೊರಟರೆ ಬಾಣಲೆ ಬರುತ್ತದೆ. ಈರುಳ್ಳಿ, ಖಾರದಪುಡಿ, ಸಕ್ಕರೆ ಬರುತ್ತವೆ; ಯಾವುದಕ್ಕೂ ಇರಲಿ ಎಂದು ಎರಡು ಚಮಚ ಕೆಚಪ್ಪೂ ಬೀಳುತ್ತದೆ. ವರ್ಷಗಟ್ಟಲೆ ನಾನೂ ಹಾಗೆಯೇ ಮಾಡಿದೆ. ಎರಡೇ ಸಾಮಾನಿನ ಈ ಸಾಸ್ ಇಷ್ಟು ಸರಳವಾಗಲು ಎಷ್ಟು ಕಾಲ ಬೇಕಾಯಿತು ಎಂದು ತಿಳಿದ ಮೇಲೆ ನನ್ನ ಬಾಣಲೆ ಕೆಳಗಿಳಿಯಿತು.

ಟೊಮೆಟೊ ಇಟಲಿಯ ಹಣ್ಣಲ್ಲ. ಅದರ ಕಾಡು ಪೂರ್ವಜರ ತವರು ದಕ್ಷಿಣ ಅಮೆರಿಕದ ಆ್ಯಂಡೀಸ್ ಸೀಮೆ. ಅದನ್ನು ಬೆಳೆಯಾಗಿಸಿ ಅಡುಗೆಗೆ ಒಗ್ಗಿಸಿದವರು ಮೆಕ್ಸಿಕೊದ ಜನ. ಸ್ಪೇನಿನವರ ಹಡಗುಗಳಲ್ಲಿ ಅದು ಯುರೋಪಿಗೆ ಬಂತು. 1544ರಲ್ಲಿ ವೈದ್ಯ, ಸಸ್ಯಶಾಸ್ತ್ರಜ್ಞ ಪಿಯೆತ್ರೊ ಆಂದ್ರೆಯಾ ಮತ್ತಿಯೋಲಿ ಈ ಹೊಸ ಹಣ್ಣನ್ನು ಬದನೆಯ ಇನ್ನೊಂದು ಜಾತಿಯೆಂದು ವರ್ಣಿಸಿದ. ಬದನೆಯಂತೆಯೇ ಎಣ್ಣೆ, ಉಪ್ಪು, ಮೆಣಸು ಹಾಕಿ ತಿನ್ನುತ್ತಾರೆ ಎಂದ. ನಮ್ಮಲ್ಲೂ ಟೊಮೆಟೊಗೆ ಚಪ್ಪರಬದನೆ ಎಂಬ ಹಳೆಯ ಹೆಸರಿದೆ. ಎಲ್ಲಿಯ ಮತ್ತಿಯೋಲಿ, ಎಲ್ಲಿಯ ಕನ್ನಡದ ರೈತ! ಇಬ್ಬರ ಕಣ್ಣಿಗೂ ಅದು ಬದನೆಯ ನೆಂಟನಾಗಿಯೇ ಕಂಡಿದೆ, ಮತ್ತು ಇಬ್ಬರೂ ಕಂಡದ್ದು ಸರಿ. ಎರಡೂ ಒಂದೇ ಕುಲದ ಗಿಡಗಳು.

1548ರ ಅಕ್ಟೋಬರ್ 31ರಂದು ಪೀಸಾದಲ್ಲಿದ್ದ ಡ್ಯೂಕ್ ಕೋಸಿಮೊ ದೆ ಮೆದಿಚಿಯ ಮನೆಗೆ ಒಂದು ಬುಟ್ಟಿ ಟೊಮೆಟೊ ಬಂತು. ಹಣ್ಣು ಕ್ಷೇಮವಾಗಿ ತಲುಪಿತೆಂದು ಮನೆಯ ಮೇಲ್ವಿಚಾರಕ ಪತ್ರ ಬರೆದ. ಆಗಲೇ ಅದಕ್ಕೆ 'ಪೊಮೊದೋರೊ', ಎಂದರೆ ಚಿನ್ನದ ಸೇಬು, ಎಂಬ ಹೆಸರು ಬಿದ್ದಿತ್ತು. ಆದರೆ ಹೆಸರು ಬಂದಷ್ಟು ಬೇಗ ರುಚಿ ಹತ್ತಲಿಲ್ಲ. ಸಿರಿವಂತರು ಬಹುಕಾಲ ಅದನ್ನು ತೋಟದ ಚೆಂದಕ್ಕೇ ಬೆಳೆಸಿದರು.

ಟೊಮೆಟೊ ಸಾಸ್ ಎಂಬ ಮಾತು ಅಚ್ಚಿನಲ್ಲಿ ಬರಲು ಸುಮಾರು ನೂರೈವತ್ತು ವರ್ಷ ಹಿಡಿಯಿತು. ಆಗ ನೇಪಲ್ಸ್ ಸ್ಪೇನಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ದೊಡ್ಡ ಮನೆಯೊಂದರಲ್ಲಿ ಭೋಜನಶಾಲೆಯ ಮೇಲ್ವಿಚಾರಕನಾಗಿದ್ದ ಆಂತೋನಿಯೊ ಲತೀನಿ 1690ರ ದಶಕದಲ್ಲಿ ಎರಡು ಸಂಪುಟಗಳ ಪಾಕಗ್ರಂಥ ಪ್ರಕಟಿಸಿದ. ಅದರಲ್ಲಿ 'ಸ್ಪೇನಿನ ಶೈಲಿಯ ಟೊಮೆಟೊ ಸಾಸ್' ಇದೆ. ಮಾಗಿದ ಹಣ್ಣನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಈರುಳ್ಳಿ, ಮೆಣಸಿನಕಾಯಿ, ಕಾಡು ಸೊಪ್ಪು, ಉಪ್ಪು, ಎಣ್ಣೆ, ವಿನೆಗರ್ ಬೆರೆಸಬೇಕು. ನಮ್ಮ ಮನೆಯ ಸುಟ್ಟ ಬದನೆಕಾಯಿ ಗೊಜ್ಜು ಬಲ್ಲವರಿಗೆ ಈ ವಿಧಾನವನ್ನು ಬಿಡಿಸಿ ಹೇಳಬೇಕಿಲ್ಲ. ಲತೀನಿ ಇದನ್ನು ಬೇಯಿಸಿದ ಪದಾರ್ಥಗಳ ಪಕ್ಕಕ್ಕೆ ಹಾಕಿಕೊಳ್ಳಲು ಹೇಳಿದ. ಪಿಜ್ಜಾದ ಸುದ್ದಿ ಎತ್ತಲಿಲ್ಲ.

ಟೊಮೆಟೊವನ್ನು ಪಿಜ್ಜಾದ ಮೇಲಕ್ಕೆ ತಂದವರು ಬಡವರು. ಹತ್ತೊಂಬತ್ತನೆಯ ಶತಮಾನದ ನೇಪಲ್ಸ್‌ನಲ್ಲಿ ಪಿಜ್ಜಾ ಎಂದರೆ ಬೀದಿಯಲ್ಲಿ ನಿಂತು ತಿನ್ನುವ ಅಗ್ಗದ ಊಟ. ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ 1840ರ ದಶಕದ ತನ್ನ ಪ್ರವಾಸಕಥನದಲ್ಲಿ ಎಣ್ಣೆ, ಕೊಬ್ಬು, ಗಿಣ್ಣು, ಟೊಮೆಟೊ, ಪುಟ್ಟ ಮೀನು ಹಾಕಿದ ಬಗೆಬಗೆಯ ಪಿಜ್ಜಾಗಳನ್ನು ದಾಖಲಿಸಿದ್ದಾನೆ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಇಷ್ಟೇ ಇರುವ 'ಮರಿನಾರಾ' ಕಡಲಿಗೆ ಹೋಗುವವರ ಊಟವೆಂದು ಆ ಹೆಸರು ಪಡೆಯಿತೆನ್ನುತ್ತಾರೆ. ಮೀನಿನ ಚೂರೂ ಅದರಲ್ಲಿಲ್ಲ. 1889ರಲ್ಲಿ ಇಟಲಿಯ ರಾಣಿ ಮಾರ್ಗರಿಟಾಗಾಗಿ ರಫಾಯೆಲೆ ಎಸ್ಪೊಸಿತೊ ಎಂಬ ಪಿಜ್ಜಾ ಬಾಣಸಿಗ ಬಾವುಟದ ಮೂರು ಬಣ್ಣದ ಪಿಜ್ಜಾ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಆಧಾರವಾದ ಪತ್ರವನ್ನೇ ಇತಿಹಾಸಕಾರರು ಈಗ ಅನುಮಾನಿಸುತ್ತಾರೆ. ನನಗಂತೂ ರಾಣಿಯ ಕಥೆಗಿಂತ ಡಬ್ಬಿಯ ಕಥೆಯೇ ದೊಡ್ಡದು.

ಟೊಮೆಟೊ ಬೇಸಿಗೆಯ ಹಣ್ಣು, ಪಿಜ್ಜಾ ವರ್ಷವಿಡೀ ಬೇಕಾದ ಊಟ. ವೆಸೂವಿಯಸ್ ತಪ್ಪಲಿನ ಜನ ದಪ್ಪ ಸಿಪ್ಪೆಯ ಪುಟ್ಟ ಟೊಮೆಟೊಗಳನ್ನು ಗೊಂಚಲು ಕಟ್ಟಿ ಸೂರಿಗೆ ತೂಗುಹಾಕಿ ಚಳಿಗಾಲ ದಾಟಿಸುತ್ತಿದ್ದರು. ದಕ್ಷಿಣ ಇಟಲಿಯ ಮನೆಗಳಲ್ಲಿ ಆಗಸ್ಟ್ ಬಂತೆಂದರೆ ಇಡೀ ಕುಟುಂಬ ಅಂಗಳದಲ್ಲಿ ಸೇರಿ ಹಣ್ಣಿನ ರಸ ಸೋಸುವುದು, ಒಂದೊಂದು ಬೇಸಿಲ್ ಎಲೆ ಹಾಕಿ ಬಾಟಲಿಗೆ ತುಂಬುವುದು, ದೊಡ್ಡ ಡ್ರಮ್ಮಿನಲ್ಲಿ ಬಟ್ಟೆಯ ನಡುವೆ ಬಾಟಲಿ ಜೋಡಿಸಿ ಕುದಿಸುವುದು ರೂಢಿ. ನಮ್ಮ ಬೇಸಿಗೆಯ ಹಪ್ಪಳ, ಸಂಡಿಗೆಯ ಸಡಗರವೇ ಅದು. ಇತ್ತ ಫ್ರಾನ್ಸಿನ ನಿಕೊಲಾ ಅಪೇರ್ ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕುದಿಸಿ ಕಾಪಿಡುವ ವಿಧಾನವನ್ನು 1810ರಲ್ಲಿ ಪ್ರಕಟಿಸಿದ್ದ. 1856ರಲ್ಲಿ ತೂರಿನ್‌ನಲ್ಲಿ ಬಟಾಣಿ ಡಬ್ಬಿ ತುಂಬಲು ಶುರುಮಾಡಿದ ಫ್ರಾಂಚೆಸ್ಕೊ ಚೀರಿಯೊನ ಉದ್ಯಮ ಮುಂದೆ ದಕ್ಷಿಣದ ಟೊಮೆಟೊಗೆ ಕೈಹಾಕಿತು. ಸಾರ್ನೊ ನದಿಯ ಬಯಲಿನ ಸಾನ್ ಮಾರ್ಝಾನೊ ಎಂಬ ನೀಳ ಹಣ್ಣು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅದಕ್ಕೆ ತಿರುಳು ಹೆಚ್ಚು, ಬೀಜ ಕಡಿಮೆ, ಸಿಪ್ಪೆ ಸಲೀಸಾಗಿ ಸುಲಿದು ಬರುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೋಗ ತಗುಲಿ ಈ ತಳಿ ಹೆಚ್ಚುಕಡಿಮೆ ಅಳಿದೇಹೋಗುವುದರಲ್ಲಿತ್ತು. ಬೀಜ ಉಳಿಸಿ ಮತ್ತೆ ಬೆಳೆಸಿದರು; 1996ರಲ್ಲಿ ಅದಕ್ಕೆ ಮೂಲಸ್ಥಾನದ ಮಾನ್ಯತೆಯೂ ಸಿಕ್ಕಿತು.

ಡಬ್ಬಿಯ ಟೊಮೆಟೊ ಹಸಿಯಲ್ಲ ಎಂಬುದನ್ನು ಗಮನಿಸಬೇಕು. ಡಬ್ಬಿಗೆ ಬಿಗಿಮುಚ್ಚಳ ಬಿದ್ದ ಮೇಲೆ ಅದು ಒಮ್ಮೆ ಬೆಂದಿರುತ್ತದೆ. ಆಮೇಲೆ 485 ಡಿಗ್ರಿಯ ಸೌದೆ ಗೂಡಿನಲ್ಲಿ 60ರಿಂದ 90 ಸೆಕೆಂಡು ಇನ್ನೊಮ್ಮೆ ಬೇಯುತ್ತದೆ. ನಡುವೆ ಒಲೆಯ ಮೇಲೂ ಕುದಿಸಿದರೆ ಮೂರನೆಯ ಬೇಯುವಿಕೆ. ಆ ಹೊತ್ತಿಗೆ ಹಣ್ಣಿನ ತಾಜಾ ಪರಿಮಳ ಹಾರಿಹೋಗಿ ಬರೀ ಸಿಹಿ, ಹುಳಿ ಉಳಿಯುತ್ತದೆ. ನೇಪಲ್ಸ್‌ನವರು ಒಲೆ ಬಿಟ್ಟದ್ದರ ಗುಟ್ಟು ಇಷ್ಟೇ.

ಹಾಗಾದರೆ ನಮಗೆ ಪರಿಚಯವಾದ ಕುದಿಸಿದ ಗಟ್ಟಿ ಸಾಸ್ ಎಲ್ಲಿಂದ ಬಂತು? ನೇಪಲ್ಸ್‌ನಿಂದ ವಲಸೆ ಹೋದವರ ಜೊತೆ ಪಿಜ್ಜಾ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಗಾತ್ರ ಹಿಗ್ಗಿತು, ಗೂಡಿನ ಶಾಖ ಇಳಿಯಿತು, ಗಿಣ್ಣಿನ ಹೊರೆ ಏರಿತು. ಅದನ್ನು ತಡೆದುಕೊಳ್ಳಲು ಮಸಾಲೆ ಬೆರೆತ ಗಟ್ಟಿ ಸಾಸ್ ಬೇಕಾಯಿತು. 1996ರಲ್ಲಿ ಅಮೆರಿಕದ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಿನಲ್ಲಿ ತೆರೆಯಿತು. ನಮ್ಮ ನಾಲಗೆ ಪಿಜ್ಜಾ ಕಲಿತದ್ದು ಈ ದಾರಿಯಿಂದ.

ಇಟಲಿಯ ಡಬ್ಬಿ ದುಬಾರಿ, ಅದರ ಅಗತ್ಯವೂ ಇಲ್ಲ. ಕೋಲಾರದ ಟೊಮೆಟೊ ನಮಗಿದೆ. 2023ರ ಜುಲೈನಲ್ಲಿ ಅಲ್ಲಿನ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಹಣ್ಣನ್ನು ರೈತರು ರಸ್ತೆ ಬದಿಗೆ ಸುರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಬೆಲೆ ಇಳಿದ ವಾರವೇ ಈ ಸಾಸ್ ಮಾಡಲು ಸರಿಯಾದ ವಾರ. ಸಾರಿಗೆ ಹುಳಿಯ ನಾಟಿ ಹಣ್ಣೇ ಆಗಬೇಕು, ಒಪ್ಪುತ್ತೇನೆ. ಸಾಸ್‌ಗೆ ಮಾತ್ರ ತಿರುಳು ತುಂಬಿದ ಉದ್ದನೆಯ ಹೈಬ್ರಿಡ್ ವಾಸಿ. ಕೊಂಡು ತಂದು ಎರಡು ಮೂರು ದಿನ ಹೊರಗೇ ಇಟ್ಟು ಚೆನ್ನಾಗಿ ಕೆಂಪಾಗಲು ಬಿಡಿ. ಫ್ರಿಜ್ಜಿಗೆ ಹಾಕಿದರೆ ಪರಿಮಳ ಸಾಯುತ್ತದೆ.

ಅರ್ಧ ಕೆ.ಜಿ. ಹಣ್ಣಿನ ತುದಿಯಲ್ಲಿ ಕತ್ತರಿ ಗುರುತು ಹಾಕಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ. ಸಿಪ್ಪೆ ತಾನೇ ಬಿಟ್ಟುಕೊಡುತ್ತದೆ. ಹೋಳು ಮಾಡಿ, ಬೀಜ ಮತ್ತು ಲೋಳೆಯನ್ನು ಬೆರಳಿನಿಂದ ಬೇರೆ ಬಟ್ಟಲಿಗೆ ತೆಗೆಯಿರಿ, ಅದನ್ನು ಚೆಲ್ಲಬೇಡಿ. ತಿರುಳನ್ನು ಕೈಯಲ್ಲಿ ಕಿವುಚಿ. ಮಿಕ್ಸಿ ಬೇಡ: ಅದು ಗಾಳಿ ತುಂಬಿ ಬಣ್ಣವನ್ನು ಪೇಲವಗೊಳಿಸುತ್ತದೆ, ಉಳಿದ ಬೀಜ ಅರೆದು ಕಹಿ ಬಿಡಿಸುತ್ತದೆ. ಅರ್ಧ ಟೀ ಚಮಚ ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಜಾಲರಿಯಲ್ಲಿಡಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಮನೆಯ ಓವನ್ 250 ಡಿಗ್ರಿ ದಾಟುವುದು ಅಪರೂಪ, ಪಿಜ್ಜಾ ಎಂಟು ಹತ್ತು ನಿಮಿಷ ಒಳಗಿರುತ್ತದೆ. ಈ ನೀರು ಇಳಿಯದಿದ್ದರೆ ಹಿಟ್ಟು ತೊಯ್ದು ಹಸಿಯಾಗಿಯೇ ಉಳಿಯುತ್ತದೆ. ಕೊನೆಗೆ ಒಂದು ದೊಡ್ಡ ಚಮಚ ಆಲಿವ್ ಎಣ್ಣೆ.

ಬೇಸಿಲ್‌ಗಾಗಿ ದೂರ ಹೋಗಬೇಡಿ. ಶರಬತ್ತಿಗೆ ಬೀಜ ನೆನೆಸುತ್ತೇವಲ್ಲ, ಆ ಕಾಮಕಸ್ತೂರಿಯೇ ಬೇಸಿಲ್ ಜಾತಿಯ ಗಿಡ. ಎಳೆಯ ನಾಲ್ಕು ಎಲೆ ಚಿವುಟಿ ಹಾಕಿ. ಒರೆಗಾನೊ ಇಲ್ಲದಿದ್ದರೆ ದೊಡ್ಡಪತ್ರೆಯ ಒಂದು ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬಹುದು, ಒಂದಕ್ಕಿಂತ ಹೆಚ್ಚು ಬೇಡ. ಎರಡರ ಘಾಟಿನ ಹಿಂದೆಯೂ ಕಾರ್ವಕ್ರಾಲ್, ಥೈಮಾಲ್ ಎಂಬ ಒಂದೇ ಸಂಯುಕ್ತಗಳಿವೆ. ಈ ಸಾಸ್ ಮೂರು ಪಿಜ್ಜಾಗೆ ಆಗುತ್ತದೆ. ಒಂದಕ್ಕೆ ನಾಲ್ಕು ದೊಡ್ಡ ಚಮಚ ಹಾಕಿ, ಅಲ್ಲಲ್ಲಿ ಹಿಟ್ಟು ಇಣುಕುವಷ್ಟು ತೆಳ್ಳಗೆ ಹರಡಿ.

ಇನ್ನು ಆ ಬಟ್ಟಲಿನ ಲೋಳೆ. ಟೊಮೆಟೊದ ರುಚಿಗೆ ಕಾರಣವಾದ ಗ್ಲುಟಮೇಟ್ ತಿರುಳಿಗಿಂತ ಲೋಳೆಯಲ್ಲೇ ಹೆಚ್ಚೆಂದು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ತೋರಿಸಿಕೊಟ್ಟರು. ಜಾಲರಿಯಿಂದ ಇಳಿದ ನೀರಿನೊಂದಿಗೆ ಅದನ್ನು ಸೋಸಿ, ಚಿಕ್ಕ ಪಾತ್ರೆಯಲ್ಲಿ ಎರಡು ಚಮಚಕ್ಕೆ ಇಳಿಯುವವರೆಗೆ ಬತ್ತಿಸಿ, ಆರಿಸಿ ತಿರುಳಿಗೆ ಬೆರೆಸಿದರೆ ಸಾಸ್‌ಗೆ ಆಳ ಬರುತ್ತದೆ. ಅಷ್ಟು ತಾಳ್ಮೆ ಇಲ್ಲದ ದಿನ ನಾನು ಅದನ್ನು ರಾತ್ರಿಯ ತಿಳಿಸಾರಿಗೆ ಸುರಿಯುತ್ತೇನೆ. ಉಪ್ಪು ಆಗಲೇ ಇದೆ, ಇಂಗು ಜೀರಿಗೆಯ ಒಗ್ಗರಣೆಯೊಂದು ಬಿದ್ದರೆ ಸಾಕು.